ಅನ್ನನಾಳದ ಹಿಂದೆ ಹಾದುಹೋದ ರಕ್ತನಾಳ

ಸ್ಕ್ಯಾನ್ ಮಾಡುತ್ತಿರುವ ಡಾಕ್ಟರು ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿದರೆ ಏನರ್ಥ ಎಂದು ಯಾವ ಬಸುರಿಗೂ ಯಾರೂ ಹೇಳಿಕೊಡಬೇಕಾಗಿಲ್ಲ. ನನ್ನದು ಐದನೇ ತಿಂಗಳ ಸ್ಕ್ಯಾನ್. ಜಯನಗರದ ಒಂದು ಅಡ್ಡರಸ್ತೆಯಲ್ಲಿ ಕೆಳಗೆ ಸೀರೆಗೆ ಫಾಲ್ಸ್ ಹೊಲಿಯುವ ಅಂಗಡಿ, ಮೇಲೆ ಸ್ಕ್ಯಾನಿಂಗ್ ಸೆಂಟರ್. ಅಲ್ಲಿಯವರೆಗೆ ಡಾಕ್ಟರಮ್ಮ ಚೆನ್ನಾಗಿಯೇ ಹರಟುತ್ತಿದ್ದರು. ಇದು ಬೆನ್ನುಮೂಳೆ, ಇದು ಹೊಟ್ಟೆ, ನೋಡಿ ಹೇಗೆ ಬೆರಳು ಚೀಪ್ತಾ ಇದೆ ಅಂತ ತೋರಿಸುತ್ತಿದ್ದವರು ಮಗುವಿನ ಎದೆ ದಾಟಿ ಕತ್ತಿನ ಬುಡಕ್ಕೆ ಬಂದರು ನೋಡಿ, ಬಾಯಿಗೆ ಬೀಗ ಬಿತ್ತು.

"ಸ್ವಲ್ಪ ಎಡಕ್ಕೆ ತಿರುಗಿ ಮೇಡಂ."

ತಿರುಗಿದೆ.

"ಈಗ ಬಲಕ್ಕೆ."

ಅದೂ ಆಯಿತು. ಹೊಟ್ಟೆಯ ಮೇಲೆ ಬಳಿದಿದ್ದ ಜೆಲ್ ಒಣಗಿದ್ದಕ್ಕೆ ಮತ್ತೆ ಬಳಿದರು. ನನ್ನ ಗಂಡ ಮೂಲೆಯ ಸ್ಟೂಲಿನ ಮೇಲೆ ಕೂತು ಹೆಲ್ಮೆಟ್ಟಿನ ಪಟ್ಟಿಯನ್ನು ಹಾಕುವುದು, ಬಿಚ್ಚುವುದು ಮಾಡುತ್ತಿದ್ದರು. ಆ ಟಕ್ ಟಕ್ ಶಬ್ದಕ್ಕೆ ಅವರ ತಲೆಗೇ ಅದನ್ನು ತೊಡಿಸಿ ಒಂದು ಬಿಡೋಣ ಅನ್ನಿಸಿತು.

"ಮಗು ಕತ್ತು ಬಗ್ಗಿಸ್ಕೊಂಡಿದೆ. ನೀವು ಹೊರಗಡೆ ಹೋಗಿ ಏನಾದ್ರೂ ತಣ್ಣಗೆ ಕುಡ್ದು, ಒಂದ್ ರೌಂಡ್ ನಡ್ಕೊಂಡ್ ಬನ್ನಿ. ಆಮೇಲೆ ನೋಡ್ತೀನಿ," ಅಂದರು.

ಹೀಗೆ ನನ್ನ ಬದುಕಿನ ಅತ್ಯಂತ ಉದ್ದದ ಮೂಸಂಬಿ ಜ್ಯೂಸನ್ನು ನಾಲ್ಕನೇ ಬ್ಲಾಕಿನ ಫುಟ್‌ಪಾತಿನಲ್ಲಿ ನಿಂತು ಕುಡಿದೆ. ಸುತ್ತ ನೈಟಿ, ಕ್ಲಿಪ್ಪು, ಸ್ಟೀಲ್ ಡಬ್ಬಿ ಮಾರುವವರ ಕೂಗಾಟ. ನಾನು ಹುಟ್ಟಿ ಬೆಳೆದದ್ದೇ ಅಲ್ಲಿ, ಆ ಗಲಾಟೆ ಕಿವಿಗೆ ಬೀಳುವುದೇ ಇಲ್ಲ. ಅವತ್ತು ಮಾತ್ರ ಒಂದೊಂದು ದನಿಯೂ ಬೇರೆ ಬೇರೆಯಾಗಿ ಕೇಳುತ್ತಿತ್ತು.

"ಏನೂ ಇರಂಗಿಲ್ಲ ಬಿಡ," ಅಂದರು ಗಂಡ. ಅವರು ಧಾರವಾಡದ ಕಡೆಯವರು, ಆಫೀಸಿನಲ್ಲಿ ಇಂಗ್ಲಿಷ್, ಗಾಬರಿಯಾದಾಗ ಅಪ್ಪಟ ಊರ ಮಾತು. "ಅವ್ರ ಮಷಿನ್ನೇ ಹಳೇದೈತಿ."

"ನೀವು ಇಂಜಿನಿಯರ್ ಅಂತ ಗೊತ್ತು. ಸುಮ್ನಿರಿ."

ವಾಪಸ್ ಹೋದಾಗ ಮಗು ಕತ್ತು ಎತ್ತಿತ್ತು. ಡಾಕ್ಟರಮ್ಮ ಈಗ ಬೇಗ ಮುಗಿಸಿ, ನನ್ನನ್ನು ಎಬ್ಬಿಸಿ ಕೂರಿಸಿ, ಒಂದು ಹಾಳೆಯ ಹಿಂದೆ ಕೊಡೆಯ ಹಿಡಿಯಂತೆ ಒಂದು ಕೊಕ್ಕೆ ಬರೆದರು. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಅದು. ಅದರ ನೆತ್ತಿಯಿಂದ ಕತ್ತಿಗೂ ಕೈಗಳಿಗೂ ಕವಲುಗಳು ಹೋಗುತ್ತವಂತೆ. ಬಲಗೈಯ ನಾಳ ಎಲ್ಲಕ್ಕಿಂತ ಮೊದಲ ಕವಲಿನಿಂದ, ಮುಂದಿನಿಂದಲೇ ಹೊರಡಬೇಕು. ನಮ್ಮ ಮಗುವಿನದು ಎಲ್ಲಕ್ಕಿಂತ ಕೊನೆಗೆ, ಎಡಗಡೆಯಿಂದ ಹುಟ್ಟಿ, ಉಸಿರ್ನಾಳ, ಅನ್ನನಾಳ ಎರಡರ ಹಿಂದಿನಿಂದ ನುಸುಳಿಕೊಂಡು ಬಲಗೈಗೆ ಹೋಗುತ್ತಿದೆ.

"ಅಷ್ಟೇನಾ?" ಅಂದೆ.

"ಇದೊಂದೇ ಆದ್ರೆ ಬಹಳಷ್ಟು ಸಲ ಅಷ್ಟೇ. ಎಷ್ಟೋ ಜನ ಇದನ್ನ ಇಟ್ಕೊಂಡೇ ಓಡಾಡ್ತಿರ್ತಾರೆ, ಗೊತ್ತೇ ಇರಲ್ಲ. ಕೆಲವು ಸಲ ಮಾತ್ರ ಬೇರೆ ಏನಾದ್ರೂ ಇದೆ ಅನ್ನೋದಕ್ಕೆ ಇದೊಂದು ಸುಳಿವು. ಹೃದಯದ ಸ್ಕ್ಯಾನ್ ಮಾಡಿಸಿ, ನಿಮ್ಮ ರಕ್ತದಲ್ಲಿ ಮಾಡೋ ಒಂದು ಟೆಸ್ಟ್ ಇದೆ, ಅದನ್ನೂ ಮಾಡಿಸಿ. ಆಮೇಲೆ ಮಾತಾಡೋಣ."

ನಾವು ಆಗ ಇಟ್ಟಮಡುವಿನಲ್ಲಿ ಬಾಡಿಗೆಗಿದ್ದೆವು. ಮೊದಲನೇ ಮಹಡಿ, ಮುಂದೊಂದು ಗೇಣಗಲದ ಬಾಲ್ಕನಿ, ಅಡಿಗೆಮನೆಯಲ್ಲಿ ಇಬ್ಬರು ನಿಂತರೆ ಒಬ್ಬರು ಉಸಿರು ಹಿಡಿದುಕೊಳ್ಳಬೇಕು. ಆ ಅಡಿಗೆಮನೆಯಲ್ಲಿ ನಮ್ಮತ್ತೆ ರೊಟ್ಟಿ ತಟ್ಟುತ್ತಿದ್ದರು. ಈಗ ನಾವು ಜೆಪಿ ನಗರದಲ್ಲಿದ್ದೇವೆ, ಅಡಿಗೆಮನೆಯಲ್ಲಿ ನಾಲ್ಕು ಜನ ಕುಣಿಯಬಹುದು, ಅತ್ತೆ ಇಲ್ಲ. ಅವರು ತೀರಿಹೋಗಿ ಸುಮಾರು ದಿನವಾಯಿತು. ಮೇಲಿನ ಮನೆಯಲ್ಲಿ ಯಾರಾದರೂ ಏನಾದರೂ ಕುಟ್ಟಿದರೆ ಇವತ್ತಿಗೂ ನನ್ನ ಕಿವಿ ಮೊದಲು ಅದನ್ನು ರೊಟ್ಟಿ ಬಡಿಯುವ ಸದ್ದು ಅಂದುಕೊಳ್ಳುತ್ತದೆ.

ಅವತ್ತು ಮನೆಗೆ ಬಂದಾಗಲೂ ಅದೇ ಸದ್ದು. ನಮ್ಮ ಮುಖ ನೋಡಿ ನಿಂತಿತು.

"ಏನಂದ್ರು?"

ಗಂಡ ಹೇಳಲು ಹೊರಟು, ಕೊಕ್ಕೆ, ಕವಲು, ಮುಂದೆ, ಹಿಂದೆ ಅಂತ ಗಾಳಿಯಲ್ಲಿ ಕೈಯಾಡಿಸಿ, ಕೊನೆಗೆ ತಮ್ಮ ಕತ್ತನ್ನೇ ಮುಟ್ಟಿ ತೋರಿಸಿದರು. "ಇಲ್ಲಿ, ಕುತ್ತಿಗಿ ಬುಡಕ್ಕ, ಒಂದ್ ರಕ್ತದ ನಾಳ ಅನ್ನದ ಕೊಳವಿ ಹಿಂದಿಂದ ಸುತ್ತಿ ಬಂದೈತಂತ."

ಅತ್ತೆ ಹಿಟ್ಟಿನ ಕೈಯಲ್ಲೇ ತಮ್ಮ ಕೊರಳು ಹಿಡಿದುಕೊಂಡರು. "ಸುತ್ತೈತಿ?" ಅಂದರು. ಆಮೇಲೆ ನನ್ನ ಕೊರಳ ಕಡೆ ನೋಡಿದರು. ಹೆಂಚಿನ ಮೇಲಿದ್ದ ರೊಟ್ಟಿ ಕರಕಲಾಯಿತು. ಅವರು ಅದನ್ನು ಕೆಡಿಸಿದ್ದು ನಾನು ಕಂಡಂತೆ ಅದೇ ಮೊದಲು.

ಅವರು ನನ್ನ ಕೊರಳಲ್ಲಿ ಏನು ನೋಡಿದರು ಅನ್ನುವುದನ್ನು ಈಗ ಹೇಳಬೇಕು. ನನ್ನ ಗಂಡನ ಮನೆಯಲ್ಲಿ ಹುಟ್ಟುವ ಮುಂಚೆಯೇ ಮಗುವಿಗೆ ಲಿಂಗ ಕಟ್ಟುತ್ತಾರೆ. ಎಂಟನೇ ತಿಂಗಳಲ್ಲಿ ಮಠದ ಅಯ್ಯನವರು ಮನೆಗೆ ಬಂದು, ಪೂಜೆ ಮಾಡಿ, ಹೊಟ್ಟೆಯಲ್ಲಿರುವ ಮಗುವಿನ ಲಿಂಗವನ್ನು ತಾಯಿಯ ಕೊರಳಿಗೆ ಕಟ್ಟುವುದು ಪದ್ಧತಿ. ಮಗು ಹೊರಗೆ ಬರುವವರೆಗೆ ತಾಯಿ ಅದನ್ನು ಮಗುವಿನ ಪರವಾಗಿ ಧರಿಸಬೇಕು, ಮೈಯಿಂದ ತೆಗೆಯುವ ಹಾಗಿಲ್ಲ. ನಮ್ಮ ತವರಿನಲ್ಲಿ ಇದೆಲ್ಲ ಇಲ್ಲ. ನನಗೆ ಬೇಜಾರೂ ಇರಲಿಲ್ಲ, ಭಕ್ತಿಯೂ ಅಷ್ಟಕ್ಕಷ್ಟೆ. ಆದರೆ ಇದಕ್ಕೆ ಮುಂಚೆ ನನಗೊಂದು ಬಸಿರು ಇಳಿದುಹೋಗಿತ್ತು. ವಯಸ್ಸೂ ಮೂವತ್ತೈದು ದಾಟಿತ್ತು. ಈ ಸಲ ನಾಲ್ಕನೇ ತಿಂಗಳು ಹಿಡಿದ ಕೂಡಲೇ ಅತ್ತೆಗೆ ತಡೆಯಲಾಗಲಿಲ್ಲ. "ಎಂಟ ತಿಂಗ್ಳ ತನಾ ಯಾರ್ ಕಾಯ್ತಾರವ್ವ, ಕೂಸಿಗೆ ಈಗ್ಲೇ ಒಬ್ರು ಕಾವಲು ಇರ್ಲಿ," ಅಂತ ಅಯ್ಯನವರಿಗೆ ಗಂಟುಬಿದ್ದು, ಅವರು ಬೇಡ ಬೇಡ ಅಂದರೂ ಕೇಳದೆ, ಕತ್ರಿಗುಪ್ಪೆಯಿಂದ ಹೂವು ಹಣ್ಣು ತರಿಸಿ, ನಾಲ್ಕಕ್ಕೇ ಕಟ್ಟಿಸಿಬಿಟ್ಟರು.

ಈಗ ಲೆಕ್ಕ ಹಾಕಿ. ನಾಲ್ಕನೇ ತಿಂಗಳಲ್ಲಿ ಕೊರಳಿಗೆ ದಾರ. ಐದನೇ ತಿಂಗಳಲ್ಲಿ ಮಗುವಿನ ಕೊರಳಲ್ಲಿ ಏನೋ ಸುತ್ತಿಕೊಂಡಿದೆ ಅಂತ ಡಾಕ್ಟರ ಮಾತು. ಅತ್ತೆ ಜೋಡಿಸಿದ್ದರು. ಬಾಯಿಬಿಟ್ಟು ಹೇಳಲಿಲ್ಲ ಅಷ್ಟೆ.

ಹೃದಯದ ಸ್ಕ್ಯಾನ್ ಆಯಿತು, ರಕ್ತ ಕೊಟ್ಟು ಬಂದೆವು, ಫಲಿತಾಂಶಕ್ಕೆ ಕಾಯುತ್ತಾ ಕೂತೆವು. ಆ ದಿನಗಳಲ್ಲಿ ಅತ್ತೆ ಸರಿಯಾಗಿ ಊಟ ಮಾಡಲಿಲ್ಲ. ಮಧ್ಯಾಹ್ನ ಬಾಲ್ಕನಿಯಲ್ಲಿ ಕೂತು ಶೇಂಗಾ ಸುಲಿಯುತ್ತಾ ಕೆಳಗಿನ ತರಕಾರಿ ಗಾಡಿಯವನ ಜೊತೆ ಜಗಳವಾಡುವುದು ಅವರ ಟೈಮ್‌ಪಾಸ್. "ಏ ತಮ್ಮಾ, ಬದನಿಕಾಯಿ ನಿನ್ ಮಾರಿ ಹಂಗ ಬಾಡಿ ಹೋಗ್ಯಾವಲ್ಲೋ" ಅಂತ ಇವರು, "ಅಜ್ಜಿ, ನಿಮ್ಮಷ್ಟು ಫ್ರೆಶ್ ಆಗಿರೋದು ಸಾರಕ್ಕಿ ಮಾರ್ಕೆಟ್ಟಲ್ಲೂ ಸಿಗಲ್ಲ" ಅಂತ ಅವನು. ಅದೂ ನಿಂತಿತು. ಅವನೇ ಒಂದು ದಿನ ಮೇಲೆ ನೋಡಿ, "ಅಕ್ಕಾ, ಅಜ್ಜಿಗೆ ಹುಷಾರಿಲ್ವಾ? ಬೈತಾನೇ ಇಲ್ಲ," ಅಂತ ಕೇಳಿದ.

ಒಂದು ಬೆಳಿಗ್ಗೆ ನಾನು ತಲೆ ಬಾಚಿಕೊಳ್ಳುತ್ತಿದ್ದಾಗ ಅತ್ತೆ ಹಿಂದೆ ಬಂದು ನಿಂತರು.

"ಒಂದ್ ಮಾತ್ ಕೇಳ್ಲೇನವ್ವ? ಲಿಂಗ ತೋಳಿಗೂ ಕಟ್ಕೋಬಹುದು. ನಮ್ಮ ಹಿರೇರು ಕಟ್ಕೊಂತಿದ್ರು. ಕೊರಳಿಂದ ತಗದು ತೋಳಿಗೆ ಕಟ್ತೀನಿ."

"ಯಾಕೆ ಅತ್ತೆ?"

"ಕೂಸಿನ ಕೊರಳು ಸ್ವಲ್ಪ ಸಡ್ಲ ಆಗ್ಲಿ."

ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಕನ್ನಡಿಯಲ್ಲಿ ಅವರ ಮುಖ ನೋಡಿದೆ. ಅದು ಅಳುವ ಮುಖವಲ್ಲ, ಎಷ್ಟೋ ದಿನದಿಂದ ಅಳು ತಡೆದು ಸೋತ ಮುಖ. ಲಿಂಗವನ್ನು ಮೈಯಿಂದ ತೆಗೆದಿಡುವುದಕ್ಕೂ ಅವರಿಗೆ ಧೈರ್ಯವಿಲ್ಲ, ಕೊರಳಲ್ಲಿ ಬಿಡುವುದಕ್ಕೂ ಇಲ್ಲ. ದಾರ ಬಿಚ್ಚಿಕೊಂಡು, ನನ್ನ ತೋಳು ಹಿಡಿದರು, ಗಂಟು ಹಾಕಲು ಹೋದವರು ಗಕ್ಕನೆ ನಿಂತರು.

"ಇದು ಬಲಗೈ ಅಲ್ಲೇನ?"

"ಹೌದು."

"ಬ್ಯಾಡ ಬ್ಯಾಡ! ಆ ನಾಳ ಬಲಗೈಗೇ ಹೊಂಟೈತಿ. ಎಡಗೈ ಕೊಡು."

ನಾನು ನಕ್ಕುಬಿಟ್ಟೆ. ಅವರಿಗೆ ಸಿಟ್ಟು ಬಂತು. "ಹಲ್ ಕಿಸೀಬ್ಯಾಡ, ನಿನ್ ಹೊಟ್ಟಿಯಾಗಿಂದು ಅದು," ಅಂದರು. ಎಡದೋಳಿಗೆ, ರಕ್ತ ಓಡಾಡಲು ಜಾಗ ಇರಲಿ ಅಂತ, ಬೆರಳು ತೂರಿಸಿ ನೋಡಿ, ಸಡಿಲವಾಗಿ ಕಟ್ಟಿದರು. ಅಷ್ಟು ಸಡಿಲ ಅಂದರೆ ಕೈ ಇಳಿಬಿಟ್ಟರೆ ಮೊಣಕೈಗೆ ಜಾರುತ್ತಿತ್ತು. ಬನಶಂಕರಿ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬಾಕೆ ಅದನ್ನು ನೋಡಿ "ಬಿಪಿ ನೋಡೋ ಮಷಿನ್ನಾ ಆಂಟಿ, ಎಲ್ಲಿ ತಗೊಂಡ್ರಿ?" ಅಂತ ಕೇಳಿದಳು. ಹೌದು ಅಂದೆ. ಬಸ್‌ಸ್ಟ್ಯಾಂಡಿನಲ್ಲಿ ನಿಂತು ಇದನ್ನೆಲ್ಲ ವಿವರಿಸುವವರು ಯಾರು?

ರಕ್ತದ ಪರೀಕ್ಷೆ ಚೆನ್ನಾಗಿ ಬಂತು. ಹೃದಯವೂ ಚೆನ್ನಾಗಿತ್ತು. ಗಂಡ ಫೋನು ಕೆಳಗಿಟ್ಟು ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಒಂದಷ್ಟು ಹೊತ್ತು ಹೊರಗೆ ಬರಲಿಲ್ಲ. ನಾನು ನಿರಾಳವಾದೆ. ಅತ್ತೆ ಆಗಲಿಲ್ಲ. ನಾಳ ಅಲ್ಲೇ ಇದೆಯಲ್ಲ, ಅದು ಅವರ ವಾದ. ಮುಂದಿನ ಸ್ಕ್ಯಾನಿಗೆ ತಾವೂ ಬರುತ್ತೇನೆ ಅಂದರು. ಇಳಕಲ್ ಸೀರೆ ಉಟ್ಟು, ಆಟೋದಲ್ಲಿ ಇಡೀ ದಾರಿ ನನ್ನ ಹೊಟ್ಟೆಗೆ ಕೈ ಅಡ್ಡ ಹಿಡಿದುಕೊಂಡು, ರಸ್ತೆಯ ಪ್ರತಿ ಉಬ್ಬಿಗೂ ಡ್ರೈವರಿಗೆ "ಮೆಲ್ಲಕೋ ಯಪ್ಪಾ" ಅನ್ನುತ್ತಾ ಬಂದರು.

ಡಾಕ್ಟರಮ್ಮ ಸ್ಕ್ಯಾನ್ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದಾಗ ಅತ್ತೆ ಪರದೆ ಸರಿಸಿ ಒಳಗೆ ನುಗ್ಗಿದರು.

"ಡಾಕ್ಟರೇ, ಕೊರಳಿಗೆ ಮೊದ್ಲೇ ದಾರ ಕಟ್ಟಿದ್ದಕ್ಕ ಹಿಂಗಾತೇನ್ರಿ? ನಾನೇ ಕಟ್ಸೀನಿ. ಖರೇ ಹೇಳ್ರಿ."

ನಾನು ಡಾಕ್ಟರ ಮುಖ ನೋಡಿದೆ. ಇವರೇನಾದರೂ ನಕ್ಕರೆ ಸೆಂಟರನ್ನೇ ಬದಲಾಯಿಸುವುದು ಅಂತ ಮನಸ್ಸಿನಲ್ಲೇ ನಿರ್ಧರಿಸಿದ್ದೆ. ಅವರು ನಗಲಿಲ್ಲ. ಹೊರಗೆ ಜನ ಕಾಯುತ್ತಿದ್ದರೂ ಕುರ್ಚಿ ಎಳೆದು ಅತ್ತೆಯನ್ನು ಕೂರಿಸಿದರು.

"ಯಾವಾಗ ಕಟ್ಟಿಸಿದ್ರಿ ಅಮ್ಮ?"

"ನಾಕನೇ ತಿಂಗ್ಳಿಗೆ."

"ಈ ನಾಳಗಳೆಲ್ಲ ಎರಡು ತಿಂಗಳು ತುಂಬೋ ಹೊತ್ತಿಗೇ ಆಗಿಹೋಗಿರುತ್ತೆ. ನಿಮ್ಮ ಸೊಸೆ ಇನ್ನೂ ವಾಂತಿ ಮಾಡ್ತಿದ್ಳಲ್ಲ, ಆಗಲೇ. ನೀವು ದಾರ ಕಟ್ಟೋಷ್ಟರಲ್ಲಿ ಅಲ್ಲಿ ಕೆಲ್ಸ ಮುಗ್ದು ಎಷ್ಟೋ ದಿನ ಆಗಿತ್ತು."

"ಹಂಗಾದ್ರ ಯಾಕ ಹಿಂಗ ಅಡ್ಡದಾರಿ ಹಿಡೀತು?"

ಡಾಕ್ಟರು ಮತ್ತೆ ಹಾಳೆ ತೆಗೆದುಕೊಂಡರು. ಮೊದಮೊದಲು ಮಗುವಿನ ಕತ್ತಿನಲ್ಲಿ ಮೀನಿನ ಕಿವಿರಿಗೆ ಇರುವಂತೆ ಎರಡೂ ಕಡೆ ಜೋಡಿ ಜೋಡಿ ರಕ್ತನಾಳಗಳು ಹುಟ್ಟುತ್ತವೆ, ಆಮೇಲೆ ಬೇಡದವು ಒಂದೊಂದಾಗಿ ಕರಗುತ್ತವೆ, ಉಳಿದವೇ ನಮ್ಮ ನಿಮ್ಮ ಕತ್ತಿನ ನಾಳಗಳು ಅಂದರು. ಯಾವುದು ಕರಗಬೇಕು ಅನ್ನುವುದರಲ್ಲಿ ಒಬ್ಬೊಬ್ಬರಿಗೆ ಸ್ವಲ್ಪ ಹೆಚ್ಚುಕಮ್ಮಿ ಆಗುತ್ತದಂತೆ. ನಮ್ಮ ಮಗುವಿಗೆ ಬಲಗಡೆ ಉಳಿಯಬೇಕಾದ ತುಂಡು ಕರಗಿ, ಕರಗಬೇಕಾದ ತುಂಡು ಉಳಿದಿತ್ತು.

"ಈಗ ನೋಡಿ ಅಮ್ಮ, ಮೇನ್ ರೋಡಲ್ಲಿ ಕೆಲ್ಸ ನಡೀತಿದೆ, ಮುಚ್ಚಿದ್ದಾರೆ ಅಂದ್ಕೊಳ್ಳಿ. ಆಟೋದವನು ಏನ್ ಮಾಡ್ತಾನೆ? ಹಿಂದಿನ ಕ್ರಾಸಲ್ಲಿ ನುಗ್ಗಿಸ್ತಾನೆ. ಮನೆ ಸೇರಿಸ್ತಾನೋ ಇಲ್ವೋ?"

"ಸೇರಸ್ತಾನ. ಬಾಯಿಗೆ ಬಂದಂಗ ರೊಕ್ಕ ಕೇಳ್ತಾನ," ಅಂದರು ಅತ್ತೆ.

"ಇಲ್ಲಿ ಅದೂ ಕೇಳಲ್ಲ. ಕೈಗೆ ರಕ್ತ ಸರಿಯಾಗಿ ಹೋಗ್ತಿದೆ."

ಅತ್ತೆಯ ಭುಜಗಳು ಇಳಿದವು. ಅಲ್ಲಿಗೇ ಮುಗಿಸಿದ್ದರೆ ಚೆನ್ನಾಗಿತ್ತು. ಆದರೆ ಡಾಕ್ಟರು ಪ್ರಾಮಾಣಿಕರು, ಇನ್ನೊಂದು ಮಾತನ್ನೂ ಹೇಳಿದರು. ಬಹಳ ಅಪರೂಪಕ್ಕೆ ಆ ನಾಳ ಹಿಂದಿನಿಂದ ಅನ್ನನಾಳವನ್ನು ಒತ್ತುವುದುಂಟು, ಹಾಲು ಕುಡಿಯುವಾಗ ಗೊತ್ತಾಗದೆ ಗಟ್ಟಿ ಆಹಾರ ಶುರು ಮಾಡಿದಾಗ ನುಂಗಲು ಕಷ್ಟವಾಗಬಹುದು, ಆಗ ನೋಡಿಕೊಳ್ಳಿ, ಆಗದೇ ಇರುವುದೇ ಹೆಚ್ಚು.

"ಆಗದೇ ಇರುವುದೇ ಹೆಚ್ಚು" ಅನ್ನುವುದು ನನಗೆ ಕೇಳಿಸಿತು. "ನುಂಗಲು ಕಷ್ಟ" ಅನ್ನುವುದು ಅತ್ತೆಗೆ ಕೇಳಿಸಿತು. ವಾಪಸ್ ಬರುವಾಗ ಆಟೋದಲ್ಲಿ ಅವರು ರಸ್ತೆಯ ಉಬ್ಬುಗಳನ್ನೆಲ್ಲ ಮರೆತು ತಮ್ಮ ಗಂಟಲು ಸವರಿಕೊಳ್ಳುತ್ತಿದ್ದರು. ಮನೆಗೆ ಬಂದು ಲಿಂಗವನ್ನು ಮತ್ತೆ ಕೊರಳಿಗೆ ಕಟ್ಟಿದರು. ಅಷ್ಟರಮಟ್ಟಿಗೆ ಡಾಕ್ಟರು ಗೆದ್ದಿದ್ದರು.

ಮಗಳು ಹುಟ್ಟಿದಳು. ದುಂಡಗೆ, ಕರ್ರಗೆ, ಗಂಟಲು ಹರಿಯುವ ಹಾಗೆ ಕಿರುಚುತ್ತಾ. ಬಲಗೈ ಎಡಗೈ ಎರಡರಲ್ಲೂ ನನ್ನ ಕೂದಲು ಹಿಡಿದು ಎಳೆಯುವಷ್ಟು ಶಕ್ತಿ. ಹಾಲನ್ನಂತೂ ಸಾಲ ವಸೂಲಿಗೆ ಬಂದವಳ ಹಾಗೆ ಕುಡಿದಳು. ಬಾಣಂತನದ ಆ ತಿಂಗಳುಗಳು ಈಗ ನೆನಪಾದರೆ ಮೂಗಿಗೆ ಬಜೆಯ ವಾಸನೆ, ಲೋಬಾನದ ಹೊಗೆ, ಅತ್ತೆ ಕಾಲು ಚಾಚಿ ಮಗುವನ್ನು ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಾ ಊರಿನ ಎಲ್ಲರ ಸುದ್ದಿಯನ್ನೂ ಅದಕ್ಕೆ ಒಪ್ಪಿಸುತ್ತಿದ್ದ ದನಿ. "ನಿಮ್ಮಪ್ಪ ಇಷ್ಟಿದ್ದಾಗ ಬರೀ ಅಳಬುರುಕ ಇದ್ದ, ಕೇಳಿದಿ?" ಅಂತ ಶುರುವಾದರೆ ನೀರು ಆರುವವರೆಗೆ ನಿಲ್ಲುತ್ತಿರಲಿಲ್ಲ. ಎಣ್ಣೆಯ ಕೈ ಕತ್ತಿಗೆ ಬಂದಾಗ ಮಾತ್ರ ಮಾತು ನಿಲ್ಲುತ್ತಿತ್ತು. ಎರಡು ಬೆರಳಲ್ಲಿ, ಹೂವಿನ ಎಸಳು ಸವರುವ ಹಾಗೆ ಸವರಿ ಮುಂದೆ ಹೋಗುತ್ತಿದ್ದರು.

ಆರು ತಿಂಗಳಾಯಿತು. ರಾಗಿ ಸರಿ ಶುರು ಮಾಡಿ ಅಂದರು ಮಕ್ಕಳ ಡಾಕ್ಟರು. ಅತ್ತೆ ರಾಗಿ ನೆನೆಸಿ, ಮೊಳಕೆ ಕಟ್ಟಿ, ಬೀಸಿ, ಮಲ್ಲುಬಟ್ಟೆಯಲ್ಲಿ ಸೋಸಿ, ಅದನ್ನೇ ಮತ್ತೆ ಸೋಸಿ, ನೀರಿಗೆ ರಾಗಿಯ ನೆನಪು ಮಾತ್ರ ಉಳಿದಿರುವಷ್ಟು ತೆಳ್ಳಗೆ ಮಾಡಿ ಕುಡಿಸಿದರು. ಪಕ್ಕದ ಮನೆಯ ಮಗು ಇಡ್ಲಿ ತಿನ್ನುತ್ತಿತ್ತು. ನಮ್ಮದು ನೀರು. ಅನ್ನ ಹಿಸುಕಿ ಕೊಡೋಣ ಅಂದರೆ "ನಾಳೆ." ಬಾಳೆಹಣ್ಣು ಅಂದರೆ "ನೆಗಡಿ ಐತಿ." ನೆಗಡಿ ಇಲ್ಲ ಅಂದರೆ "ಬರ್ತೈತಿ."

"ಅತ್ತೆ, ಹಿಂಗೆ ಮಾಡಿದ್ರೆ ಮಗು ಮೈ ಹಿಡಿಯೋದು ಹೇಗೆ?" ಅಂತ ನಾನು ಒಂದು ದಿನ ಜೋರಾಗಿಯೇ ಕೇಳಿದೆ. ತೂಕದ ತಕ್ಕಡಿಯ ಮುಳ್ಳು ಮುಂದಕ್ಕೆ ಹೋಗುವುದನ್ನು ನಿಲ್ಲಿಸಿತ್ತು. ಮಕ್ಕಳ ಡಾಕ್ಟರು ನನಗೆ ಬೈದು ಕಳಿಸಿದ್ದರು.

"ಗಂಟಲ್ದಾಗ ಸಿಕ್ಕೊಂಡ್ರ?"

"ಸಿಕ್ಕಿಕೊಂಡ್ರೆ ನೋಡೋಣ. ಕೊಡದೇ ಹೇಗೆ ಗೊತ್ತಾಗುತ್ತೆ?"

"ನೀ ನೋಡ್ತಿ. ನನ್ ಕೈಲೆ ನೋಡಾಕ ಆಗಂಗಿಲ್ಲ."

ನಿಜ ಹೇಳಬೇಕೆಂದರೆ ನನಗೂ ಅದೇ ಹೆದರಿಕೆ. ಬೈಯುವುದಕ್ಕೆ ಅತ್ತೆ ಇದ್ದರು, ಅದಕ್ಕೇ ನಾನು ಧೈರ್ಯಸ್ಥೆಯಾಗಿದ್ದೆ. ಅವರು ಒಂದೊಮ್ಮೆ "ಆತು, ಕೊಡು" ಅಂದಿದ್ದರೆ ನಾನು ಬಟ್ಟಲನ್ನು ತಿರುಗಿ ಅವರ ಕೈಗೇ ಕೊಡುತ್ತಿದ್ದೆ.

ಒಂದು ಭಾನುವಾರ ಮಧ್ಯಾಹ್ನ. ನಾನು ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಗಂಡ ಸ್ನಾನಕ್ಕೆ ಹೋಗಿದ್ದರು. ಅತ್ತೆ ನಡುಮನೆಯಲ್ಲಿ ನೆಲದ ಮೇಲೆ ಕೂತು ಊಟ ಮಾಡುತ್ತಿದ್ದರು, ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ. ಮಗಳು ಮಂಡಿಯೂರಿ ತೆವಳಿಕೊಂಡು ಬಂದಳು, ತಟ್ಟೆಯ ಅಂಚಿಗೆ ಕೈ ಹಾಕಿದಳು, ರೊಟ್ಟಿಯ ತುದಿ ಮುರಿದುಕೊಂಡು ಬಾಯಿಗಿಟ್ಟಳು. ಅತ್ತೆ ಚಟ್ನಿಪುಡಿಗೆ ಎಣ್ಣೆ ಹಾಕಿಕೊಳ್ಳುತ್ತಿದ್ದವರು ತಿರುಗುವಷ್ಟರಲ್ಲಿ ಅದು ಒಳಗೆ.

"ಅಯ್ಯ ಶಿವನ! ಉಗುಳು, ಉಗುಳವ್ವಾ!" ಅತ್ತೆ ಬಾಯಿಗೆ ಬೆರಳು ಹಾಕಲು ಹೋದರು. ಅವಳು ತುಟಿ ಬಿಗಿಹಿಡಿದು ಮುಖ ತಿರುಗಿಸಿದಳು. ಕೆಳಗೆ ಎರಡು ಹಲ್ಲು, ಮೇಲೆ ಒಂದೂವರೆ. ಅಷ್ಟರಲ್ಲೇ ಅರೆಯುತ್ತಿದ್ದಳು.

ನಾನು ಒದ್ದೆ ಟವೆಲ್ ಹಿಡಿದುಕೊಂಡೇ ಓಡಿ ಬಂದೆ. "ಬೆರಳು ಹಾಕ್ಬೇಡಿ ಅತ್ತೆ, ಇನ್ನೂ ಒಳಗೆ ಹೋಗುತ್ತೆ!"

ಅತ್ತೆ ಕೈ ಹಿಂದಕ್ಕೆ ತೆಗೆದುಕೊಂಡರು. ನಾವಿಬ್ಬರೂ ಅವಳ ಎದುರು ಮಂಡಿಯೂರಿ ಕೂತೆವು. ಅವಳು ಅರೆದಳು. ಕೆನ್ನೆ ಉಬ್ಬಿತು. ಕಣ್ಣಲ್ಲಿ ನೀರು ಬಂತು, ಒಮ್ಮೆ ಕೆಮ್ಮಿದಳು, ಮುಖ ಕೆಂಪಾಯಿತು. ಅತ್ತೆ ಎಡಗೈಯಲ್ಲಿ ನನ್ನ ಮಣಿಕಟ್ಟು ಹಿಡಿದುಕೊಂಡಿದ್ದರು, ಎಷ್ಟು ಬಿಗಿಯಾಗಿ ಅಂದರೆ ಆಮೇಲೆ ಎಷ್ಟೋ ಹೊತ್ತು ಅಲ್ಲಿ ಗುರುತಿತ್ತು. ಬಲಗೈಯ ಎರಡು ಬೆರಳನ್ನು ಮಗುವಿನ ಕತ್ತಿನ ಮೇಲೆ, ಎಣ್ಣೆ ಹಚ್ಚುವಾಗ ಇಡುತ್ತಿದ್ದ ಹಾಗೆಯೇ ಇಟ್ಟರು.

ಗುಟುಕ್.

ನನಗೆ ಕೇಳಿಸಿತೋ ಕಾಣಿಸಿತೋ ಗೊತ್ತಿಲ್ಲ. ಅತ್ತೆಯ ಬೆರಳಿಗೆ ತಿಳಿದಿತ್ತು.

"ಇಳೀತು," ಅಂದರು ಪಿಸುಮಾತಿನಲ್ಲಿ.

ಮಗಳು ಬಾಯಿ ಅಗಲಿಸಿ ಖಾಲಿ ನಾಲಗೆ ತೋರಿಸಿ, ನಮ್ಮಿಬ್ಬರ ಮುಖ ನೋಡಿ, ಇವರಿಗೇನಾಗಿದೆ ಅನ್ನುವ ಹಾಗೆ ಮತ್ತೆ ತಟ್ಟೆಗೆ ಕೈ ಹಾಕಿದಳು. ಗಂಡ ತಲೆಯಲ್ಲಿ ಶ್ಯಾಂಪೂ ನೊರೆ, ಸೊಂಟಕ್ಕೆ ಟವೆಲ್ ಸುತ್ತಿಕೊಂಡು ಹೊರಗೆ ಓಡಿ ಬಂದರು. "ಏನಾತು? ಯಾಕ ಚೀರಿದ್ರಿ?"

"ನಿನ್ ಮಗ್ಳು ರೊಟ್ಟಿ ತಿಂದ್ಳು," ಅಂದರು ಅತ್ತೆ. ಸೆರಗಿನಿಂದ ಕಣ್ಣೊರೆಸಿಕೊಂಡರು. ಅದರಲ್ಲಿ ಚಟ್ನಿಪುಡಿಯ ಖಾರ ಇತ್ತೆಂದು ಕಾಣುತ್ತದೆ, ಇನ್ನಷ್ಟು ನೀರು ಬಂತು. "ನಿಂತ್ ನೋಡ್ತಿಯಲ್ಲೋ, ಬಟ್ಲದಾಗ ಹಾಲು ತೊಗೊಂಡ್ ಬಾ. ಮೆತ್ತಗ ಮಾಡಿ ಕೊಡ್ತೀನಿ."

ಹಾಲು ಬಂತು. ಅತ್ತೆ ರೊಟ್ಟಿಯನ್ನು ಚೂರು ಮಾಡಿ ಅದರಲ್ಲಿ ನೆನೆಸಿ, ಬೆರಳಲ್ಲಿ ನುಣ್ಣಗೆ ಹಿಸುಕಿ ಬಾಯಿಗಿಟ್ಟರು. ಅವಳು ಅದನ್ನು ಪೂರ್ತಿ ಅಜ್ಜಿಯ ಇಳಕಲ್ ಸೀರೆಯ ಮೇಲೆ ಉಗುಳಿ, ತಟ್ಟೆಯಲ್ಲಿದ್ದ ಒಣ ರೊಟ್ಟಿಯತ್ತ ಬೆರಳು ತೋರಿಸಿ ಕಿರುಚಿದಳು.

"ಸೊಕ್ಕು ನೋಡು," ಅಂದರು ಅತ್ತೆ. ಮತ್ತೊಂದು ತುದಿ ಮುರಿದು ಕೊಟ್ಟರು. ಈ ಸಲ ಕತ್ತಿನ ಮೇಲೆ ಬೆರಳಿಡಲಿಲ್ಲ. ತಟ್ಟೆಯನ್ನು ಮಗುವಿನ ಕಡೆಗೆ ಸ್ವಲ್ಪ ಸರಿಸಿ, ಎಷ್ಟೋ ತಿಂಗಳ ಮೇಲೆ ಹಸಿದವರ ಹಾಗೆ, ತಾವೂ ಉಣ್ಣತೊಡಗಿದರು.